ವ್ಯಾನಿನ ನೆತ್ತಿಯ ಹಪ್ಪಳ

ಇವತ್ತು ಬೆಳಿಗ್ಗೆ ಚಿಕ್ಕೋಡಿಯ ನಮ್ಮ ಮನೆಯ ಮಾಳಿಗೆ ಹತ್ತಿದರೆ, ಸೋಲಾರ್ ಪ್ಲೇಟಿನ ಮೇಲೆ ಒಂದು ಉದ್ದಿನ ಹಪ್ಪಳ ಆರಾಮಾಗಿ ಮಲಗಿತ್ತು. ಪಕ್ಕದ ಮನೆಯವರು ಒಣಹಾಕಿದ್ದು ಗಾಳಿಗೆ ಹಾರಿ ಬಂದಿರಬೇಕು. ತೆಗೆಯಲು ಕೈ ಚಾಚಿದವನಿಗೆ ಉಗಾರ ಬುದ್ರುಕದ ಕಾಕಾನ ವ್ಯಾನು ನೆನಪಾಗಿ ಒಬ್ಬನೇ ನಕ್ಕೆ. ಬನ್ನಿ, ನಿಮಗೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ಕಾಕಾ ಕಬ್ಬಿನ ರೈತ. ಆದರೆ ತಲೆಯೊಳಗೆ ಸದಾ ಒಂದು ಗ್ಯಾರೇಜು. ಯಾರೋ ಮಾರಿದ ಹಳೇ ವ್ಯಾನು ತಂದು, ಸೀಟು ಕಿತ್ತು, ಹಾಸಿಗೆ ಹಾಕಿ, ಸ್ಟೋವಿಗೊಂದು ಕಟ್ಟೆ ಮಾಡಿ, ಮನೆಯನ್ನೇ ಗಾಲಿಯ ಮೇಲೆ ಕೂರಿಸಿದ್ದ. ಎಲ್ಲ ಕಾಕಿಗಾಗಿ. ಮದುವೆಯಾದ ಹೊಸದರಲ್ಲಿ ಅವಳಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಪ್ರತಿ ವರ್ಷ ಕಬ್ಬು ಅಡ್ಡ ಬರುತ್ತಿತ್ತು. ಸೆಕೆಯಾದರೆ ಅವಳಿಗೆ ತಲೆ ತಿರುಗಿ ಚಕ್ಕರ ಬರುತ್ತಿತ್ತು. ಅದಕ್ಕೇ ವ್ಯಾನಿನೊಳಗೆ ಫ್ಯಾನು, ಫ್ಯಾನಿಗೆಂದು ಬೇರೆ ಬ್ಯಾಟರಿ, ಆ ಬ್ಯಾಟರಿ ಚಾರ್ಜ್ ಮಾಡಲು ವ್ಯಾನಿನ ಮೇಲೆ ಮಿರಜಿನಿಂದ ತಂದ ಸೋಲಾರ್ ಪ್ಲೇಟು.

"ಇದು ಬಿಸಲ ತಿಂದು ಕರೆಂಟ್ ಕೊಡ್ತೈತಿ," ಎಂದು ಊರಿಗೆಲ್ಲ ಹೇಳಿದ.

"ಹಂಗಾದ್ರ ಮಳಿಗಾಲದಾಗ ಇದಕ್ಕ ಉಪವಾಸ ಅನ್ನು," ಎಂದು ಕಟ್ಟೆಯ ಮೇಲಿದ್ದವರು ನಕ್ಕರು.

ಪರೀಕ್ಷೆ ಶುರುವಾಯಿತು. ವ್ಯಾನನ್ನು ಬಿಸಿಲಿಗೆ ನಿಲ್ಲಿಸಿ, ನಾನೂ ಕಾಕಾನೂ ಹೊಲಕ್ಕೆ ಹೋಗಿ, ಸಂಜೆ ಬಂದು ಫ್ಯಾನು ಹಾಕಿದರೆ ಅದು ಎರಡು ಸುತ್ತು ತಿರುಗಿ ನಿಂತಿತು. ಮರುದಿನವೂ ಅದೇ ಹಾಡು. ಆಗಷ್ಟೇ ಬಿ.ಎಸ್ಸಿ. ಮುಗಿಸಿ ಕಾಕಾನ ಮನೆಯಲ್ಲಿದ್ದ ನಾನು ಗಂಭೀರನಾಗಿ, ಇದು ಮೋಡದ ತಪ್ಪು ಎಂದೆ. ಎಪ್ರಿಲ್ ತಿಂಗಳು, ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ.

"ನಾಳೆನೂ ತಿರಗಲಿಲ್ಲಂದ್ರ ಸಮುದ್ರ ಕ್ಯಾನ್ಸಲ್," ಎಂದು ಕಾಕಾ ಉಣ್ಣದೇ ಮಲಗಿದ. ಕಾಕಿ ಅವನ ತಾಟು ಮುಚ್ಚಿಟ್ಟಳು. ಅವಳ ಮುಖ ನೋಡಿ ನನಗೇ ಸಂಕಟವಾಯಿತು.

ಮರುದಿನ ಕಾಕಾನಿಗೆ ಹೊಲದಲ್ಲಿ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನವೇ ಇಬ್ಬರೂ ಮನೆಗೆ ಬಂದೆವು. ನೋಡಿದರೆ ಕಾಕಿ ಸೆರಗು ಸಿಕ್ಕಿಸಿಕೊಂಡು, ಏಣಿ ಹತ್ತಿ, ವ್ಯಾನಿನ ನೆತ್ತಿಯ ಮೇಲೆ! ಪ್ಲೇಟಿನ ತುಂಬ ಹಪ್ಪಳ, ಬೆರಳಿಡಲೂ ಜಾಗವಿಲ್ಲ.

"ಏ, ಏನ್ ಮಾಡಾಕತ್ತೀ ಅಲ್ಲಿ!"

"ಹಪ್ಪಳ ಹೊರಳಿ ಹಾಕಾಕತ್ತೀನ್ರಿ. ಎಷ್ಟ ಚಂದ ಕಾಯ್ತೈತಿ ಈ ಗಾಜು! ಧೂಳಿಲ್ಲ, ಕೋಳಿ ಕಾಟಿಲ್ಲ. ದಿನಾ ನೀವು ಬರೂದ್ರಾಗ ತಗದ ಇಡ್ತೀನಿ."

"ಅಯ್ಯ ನಿನ್ನ, ಬಿಸಲೆಲ್ಲಾ ನಿನ್ನ ಹಪ್ಪಳಾನ ತಿಂದಾವಲ್ಲ! ಯಾರ್ ತಿನ್ನಾಕ ಇಷ್ಟ ಮಾಡೀ?"

ಕಾಕಿ ಮೆಲ್ಲಗೆ ಅಂದಳು: "ಸಮುದ್ರಕ್ಕ ಹೋಗೂಮುಂದ ದಾರಿಗೆ ಬೇಕಲ್ರಿ."

ಕಾಕಾನ ಸಿಟ್ಟು ಎಲ್ಲಿ ಹೋಯಿತೋ! ತಾನೇ ಏಣಿ ಹತ್ತಿ, ಒಂದೂ ಮುರಿಯದಂತೆ ಹಪ್ಪಳಗಳನ್ನು ಬುಟ್ಟಿಗೆ ತುಂಬಿದ. ಮರುದಿನ ಸಂಜೆ ಫ್ಯಾನು ಕಾಕಿಯ ಸೆರಗು ಹಾರುವಂತೆ ತಿರುಗಿತು.

ನಿಪ್ಪಾಣಿ ದಾಟಿ, ಘಾಟು ಇಳಿದು ಕೊಂಕಣ ಮುಟ್ಟಿದೆವು. ಹಪ್ಪಳದ ಡಬ್ಬಿಯ ಕಾವಲು ನನ್ನದು. ಕಾಕಿ ಸಮುದ್ರವನ್ನು ಬಹಳ ಹೊತ್ತು ನೋಡಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಮರಳ ದಂಡೆಯತ್ತ ತಿರುಗಿ, "ಯವ್ವಾ, ಹಪ್ಪಳ ಹಾಕಾಕ ಎಷ್ಟ ಜಾಗಾ ಖಾಲಿ ಬಿಟ್ಟಾರ ನೋಡ್ರಿ!" ಎಂದಳು. ಕಾಕಾ ನಕ್ಕು ನಕ್ಕು ಮರಳಲ್ಲೇ ಕುಳಿತುಬಿಟ್ಟ.

ಇವತ್ತು ಮಾಳಿಗೆಯ ಮೇಲಿಂದಲೇ ಕಾಕಿಗೆ ಫೋನು ಹಚ್ಚಿದೆ. "ಕಾಕಿ, ನಮ್ಮ ಸೋಲಾರ್ ಪ್ಲೇಟಿನ ಮ್ಯಾಲ ಹಪ್ಪಳ ಬಂದ ಬಿದ್ದೈತಿ. ತಗೀಲೇನು?"

ಆ ಕಡೆ ಕಾಕಾ ನಗುವುದು ಕೇಳಿಸಿತು. ಕಾಕಿ ಮಾತ್ರ ಕೇಳಿದಳು: "ಒಣಗೈತೇನೋ?"

"ಒಂದ ಮಗ್ಗಲ ಒಣಗೈತಿ."

"ಹಂಗಾದ್ರ ತಗೀಬ್ಯಾಡ, ಹೊರಳಿ ಹಾಕು."

ಹೊರಳಿ ಹಾಕಿ ಇಳಿದು ಬಂದೆ. ಇವತ್ತು ಕರೆಂಟು ತುಸು ಕಡಿಮೆ ಬಂದರೆ ಬರಲಿ.