ತಂತಿ ಸೋಮಯ್ಯನ ನಡುಗಡ್ಡೆ

ಶ್ರೀರಂಗಪಟ್ಟಣದ ತಂತಿ ಕಚೇರಿಯಲ್ಲಿ ಸೋಮಯ್ಯ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಊರಿನ ಸಾವು, ಹೆರಿಗೆ, ನೌಕರಿಯ ಸುದ್ದಿಗಳೆಲ್ಲ ಮೊದಲು ಅವನ ಕಿವಿಗೆ ಬಿದ್ದು ಆಮೇಲೆ ಮನೆಗಳಿಗೆ ಹೋಗುತ್ತಿದ್ದವು. ಮೇಜಿನ ಮೇಲಿನ ಹಿತ್ತಾಳೆಯ ಯಂತ್ರ ಕಟಕಟ ಎನ್ನುತ್ತಿದ್ದರೆ, ಕಿಟಕಿಯಾಚೆ ನಿಂತವರೊಡನೆ ಮಾತಾಡುತ್ತಲೇ ಅವನು ಸಂದೇಶ ಬರೆದುಕೊಂಡು ಮುಗಿಸುತ್ತಿದ್ದ. ಆ ಕಡೆಯಿಂದ ಕೀಲಿ ಒತ್ತುತ್ತಿರುವ ಗುಮಾಸ್ತ ಯಾರು, ಇವತ್ತು ಅವನು ಸಿಟ್ಟಿನಲ್ಲಿದ್ದಾನೋ ನಿದ್ದೆಗೆಟ್ಟಿದ್ದಾನೋ ಎಂಬುದೂ ಆ ಸದ್ದಿನಲ್ಲೇ ತಿಳಿಯುತ್ತದೆ ಎಂದು ಹೇಳಿಕೊಳ್ಳುತ್ತಿದ್ದ. ಹುಟ್ಟೂರು ಬೆಳಗೊಳದಲ್ಲೂ, ಪಟ್ಟಣದ ಪೇಟೆಬೀದಿಯಲ್ಲೂ ಅವನಿಗೆ ತಂತಿ ಸೋಮಯ್ಯ ಎಂದೇ ಹೆಸರು.

ಕಚೇರಿ ಬಿಟ್ಟರೆ ಅವನಿಗೆ ಇನ್ನೊಂದು ಗೀಳಿತ್ತು. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸು ಪಡೆದು, ಮನೆಯಲ್ಲೇ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ದೇಶವಿದೇಶಗಳ ಅಪರಿಚಿತರ ಜೊತೆ ತಂತಿ ಕಚೇರಿಯ ಅದೇ ಉದ್ದ-ಗಿಡ್ಡ ಸದ್ದುಗಳ ಮೋರ್ಸ್ ಭಾಷೆಯಲ್ಲಿ ಮಾತಾಡುವುದು. ಹ್ಯಾಮ್ ರೇಡಿಯೋ ಎನ್ನುತ್ತಾರೆ ಇದಕ್ಕೆ. ಸೆಟ್ಟು ಮಾಡಿಕೊಟ್ಟವನು ಪಾಂಡವಪುರದ ವಜೀರ್ ಪಾಷಾ. ರೈತರ ಪಂಪ್‌ಸೆಟ್ ಮೋಟರು ಸುಟ್ಟುಹೋದರೆ ಹೊಸದಾಗಿ ತಂತಿ ಸುತ್ತಿ ಕೊಡುವುದು ಅವನ ಕಸುಬು. ಅವನು ಮಾಡಿದ ಸೆಟ್ಟಿನಲ್ಲಿ ಮನುಷ್ಯರ ಮಾತು ಹೋಗುತ್ತಿರಲಿಲ್ಲ, ಬರುತ್ತಿರಲಿಲ್ಲ. ಬರೀ ಮೋರ್ಸಿನ ಕುಯ್ ಕುಯ್. ಸೋಮಯ್ಯನಿಗೆ ಅಷ್ಟು ಸಾಕಾಗಿತ್ತು.

ನಡುಗಡ್ಡೆಯ ಮಾತು ತೆಗೆದವನು ಸಿದ್ದಾರ್ಥ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು, ಇವರಿಬ್ಬರಿಗಿಂತ ಬಹಳ ಚಿಕ್ಕವನು. ತೊಂಬತ್ತಮೂರರ ಬೇಸಿಗೆ ರಜೆಯಲ್ಲಿ ಪಾಷಾನ ಅಂಗಡಿಗೆ ಬಂದು, ಮೋಟರುಗಳ ನಡುವೆ ಒಂದು ನಕ್ಷೆ ಬಿಡಿಸಿದ. ಅರಬ್ಬೀ ಸಮುದ್ರದ ನೀಲಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ತೋರಿಸಿದ.

"ಇಲ್ಲಿಂದ ಇದುವರೆಗೂ ಯಾವ ಹ್ಯಾಮೂ ಸರಿಯಾಗಿ ಮಾತಾಡಿಲ್ಲ, ಸೋಮಣ್ಣೋರೆ. ನಾವು ಹೋಗಿ ಒಂದು ವಾರ ಕೂತ್ರೆ ಜಪಾನ್‌ನಿಂದ ಬ್ರೆಜಿಲ್ ಗಂಟ ಜನ ಮುಗಿಬಿದ್ದು ನಿಮ್ಮನ್ನ ಕರೀತಾರೆ."

"ನನ್ನಾ?"

"ನಿಮ್ಮನ್ನೇ. ಅಷ್ಟು ಜನ ಒಟ್ಟಿಗೆ ಕೂಗ್ತಿರಬೇಕಾದ್ರೆ ಒಬ್ಬೊಬ್ಬರನ್ನೇ ಹಿಡಿಯೋದು ನನ್ನ ಕೈಲಾಗಲ್ಲ, ಪಾಷಣ್ಣನ ಕೈಲೂ ಆಗಲ್ಲ. ಕಿವಿ ನಿಮ್ದು, ಸೆಟ್ಟು ಪಾಷಣ್ಣಂದು. ಪರ್ಮಿಷನ್ ಓಡಾಟ ನಂದು."

ಸೋಮಯ್ಯ ಆವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಕನ್ನಂಬಾಡಿ ಕಟ್ಟೆಯ ಹಿನ್ನೀರೇ ಅವನು ಕಂಡ ದೊಡ್ಡ ನೀರು. ಆ ಚುಕ್ಕೆಯ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ "ಆಗ್ಲಿ ಬುಡು" ಎಂದ. ಬೇರೆ ಹ್ಯಾಮುಗಳಿಗೆ ಸುಳಿವು ಸಿಗಬಾರದೆಂದು ಅಂದಿನಿಂದ ಆ ಜಾಗದ ಹೆಸರನ್ನು ಮೂವರೂ ಬಾಯಿಬಿಟ್ಟು ಹೇಳಲಿಲ್ಲ. ನಡುಗಡ್ಡೆ ಎಂದರೆ ಅದೇ.

ಅನುಮತಿಗೆ ವರ್ಷಗಳೇ ಹಿಡಿದವು. ಒಂದು ಕಚೇರಿ ಇನ್ನೊಂದನ್ನು ಕೇಳುವುದು, ಅದು ಮತ್ತೊಂದನ್ನು ಕೇಳುವುದು. ಇವರು ಮಾತ್ರ ನಾಳೆಯೇ ಹೊರಡುವವರಂತೆ ತಯಾರಿಗೆ ಬಿದ್ದರು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಹತ್ತಿರದ ಗುಜರಿಯಲ್ಲಿ ಬಿಗಿ ಮುಚ್ಚಳದ ನೀಲಿ ಡ್ರಮ್ಮುಗಳು ಸಿಕ್ಕವು. ಸಮುದ್ರದ ನೀರು ಎರಚಿದರೂ ಒಳಗಿನ ಸೆಟ್ಟು ನೆನೆಯಬಾರದು. ಕಬ್ಬಿನ ಲಾರಿಗೆ ಹೊದಿಸುವ ಟಾರ್ಪಾಲನ್ನು ಕತ್ತರಿಸಿ ಡೇರೆ ಹೊಲಿಸಿದರು. ಉಪ್ಪುನೀರಿಗೆ ಯಾವ ಬೆಸುಗೆ ತಾಳುತ್ತದೆಂದು ನೋಡಲು ಪಾಷಾ ತಂತಿಯ ತುಂಡುಗಳನ್ನು ಹೆಂಡತಿ ರೆಹಮತುನ್ನೀಸಾಳ ಉಪ್ಪಿನಕಾಯಿ ಭರಣಿಯಲ್ಲೇ ನೆನೆಹಾಕಿಬಿಟ್ಟ. ಅವಳು ಭರಣಿಯನ್ನು ತಂದು ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕಿ ಹೋದಳು. ಆಂಟೆನಾ ಕಟ್ಟಲು ಬಿದಿರು ಗಳುಗಳ ಕಟ್ಟನ್ನು ಬಸ್ಸಿನ ಮೇಲೆ ಹಾಕಿಸುವಾಗ ಕಂಡಕ್ಟರ್, "ಯಾರ್ ಮನೆ ಚಪ್ಪರ ಸೋಮಯ್ಯನೋರೆ?" ಎಂದು ಕೇಳಿದ. "ನನ್ದೇ ಮದ್ವೆ ಕಣಯ್ಯ" ಎಂದ ಸೋಮಯ್ಯ. ಬಸ್ಸೆಲ್ಲ ನಕ್ಕಿತು. ಅವನ ಹೆಂಡತಿ ಪಾರ್ವತಮ್ಮ ನಗಲಿಲ್ಲ. "ಅಲ್ಲಿ ಕುಡಿಯಾಕೆ ಸಿಹಿನೀರಾದ್ರೂ ಸಿಕ್ತದಾ? ಕೇಳ್ಕೊಂಡಿದ್ದೀರಾ?" ಎಂದಳು. ಕೇಳಿಕೊಂಡಿರಲಿಲ್ಲ.

ಬೆಳಗೊಳದ ಹತ್ತಿರ ಬೇಸಿಗೆಯಲ್ಲಿ ಹೊಳೆ ಇಳಿದಾಗ ಏಳುವ ಮರಳ ದಿಬ್ಬದ ಮೇಲೆ ಡೇರೆ ಹಾಕಿ, ಇದೇ ನಡುಗಡ್ಡೆ ಎಂದುಕೊಂಡು ಇಡೀ ದಿನ ಅಭ್ಯಾಸ ಮಾಡಿದರು. ಬಟ್ಟೆ ಒಗೆಯಲು ಬಂದ ಹೆಂಗಸರು ನಿಂತು ನೋಡಿದರು. ಅವತ್ತು ಸೋಮಯ್ಯ ಸೆಟ್ಟಿನಲ್ಲಿ ಫಿನ್ಲೆಂಡಿನ ಒಬ್ಬ ಮುದುಕನನ್ನು ಹಿಡಿದಿದ್ದ. ಆ ದಿನದಷ್ಟು ಖುಷಿಯಾಗಿ ಅವನನ್ನು ತಾನು ಮತ್ತೆ ಕಾಣಲಿಲ್ಲ ಎಂದು ಪಾಷಾ ಆಮೇಲೆ ಹೇಳುತ್ತಿದ್ದ.

ಸೆಟ್ಟು ಮಂಕಾಗಿದೆ ಎಂದು ಸೋಮಯ್ಯ ಮೊದಲು ಹೇಳಿದ್ದು ತೊಂಬತ್ತಾರರಲ್ಲಿ. ಪಾಷಾ ಬಿಚ್ಚಿ ನೋಡಿದ, ಒಂದೆರಡು ಬಿಡಿಭಾಗ ಬದಲಿಸಿದ. ಸರಿಹೋಗಲಿಲ್ಲ. ಟ್ರಾನ್ಸ್‌ಫಾರ್ಮರ್ ಕಳಚಿ ಹೊಸದಾಗಿ ಸುತ್ತಿದ. ಸರಿಹೋಗಲಿಲ್ಲ. ಅಂಗಡಿಗೆ ಬಂದ ಮೋಟರುಗಳು ಮೂಲೆಯಲ್ಲಿ ಬೀಳತೊಡಗಿದವು, ನೀರಿಲ್ಲದೆ ಬೈಯುತ್ತ ಬಂದ ರೈತರು ಬೈಯುತ್ತಲೇ ಹೋದರು.

"ನೀನ್ ಮೊದಲ್ನಂಗೆ ಕೆಲ್ಸ ಮಾಡ್ತಾ ಇಲ್ಲ ಕಣ್ಲಾ ಪಾಷಾ. ಕೈ ಎಲ್ಲೋ, ಮನಸೆಲ್ಲೋ" ಎಂದ ಸೋಮಯ್ಯ ಒಂದು ದಿನ, ಎಲ್ಲರೆದುರಿಗೆ.

ಪಾಷಾ ಕತ್ತು ಬಗ್ಗಿಸಿಯೇ ಹೇಳಿದ: "ಖುದಾ ಕಸಂ, ನಂಗೇ ಗೊತ್ತಾಗ್ತಾ ಇಲ್ಲ ಸೋಮಣ್ಣ. ಎಲ್ಲೋ ತಪ್ಪು ಮಾಡಿವ್ನಿ."

ಒಂದು ಭಾನುವಾರ ಸೋಮಯ್ಯ ಪಾಷಾನ ಮನೆಗೆ ಹೋದಾಗ ರೆಹಮತುನ್ನೀಸಾ ಬಾಗಿಲಲ್ಲೇ ತಡೆದಳು. "ಭಾಯ್, ನಿಮ್ಮ ಸೆಟ್ಟು ರಿಪೇರಿಗೆ ಬಂದಾಗಿಂದ ಅವರು ಸರಿಯಾಗಿ ಊಟ ಮಾಡ್ತಾ ಇಲ್ಲ. ಇಪ್ಪತ್ತು ವರ್ಸದಿಂದ ಇದೇ ಕೆಲ್ಸ ಮಾಡ್ಕೊಂಡು ಬಂದೋರು, ಈಗ ತನ್ನ ಕೈ ಮೇಲೆ ತನಗೇ ನಂಬಿಕೆ ಇಲ್ಲ ಅಂತಾರೆ." ಸೋಮಯ್ಯ ತಲೆಯಾಡಿಸಿದ. ಅವಳು ಮೆಲ್ಲನೆ ಹೇಳಿದ್ದರಲ್ಲಿ ಅರ್ಧ ಅವನಿಗೆ ಕೇಳಿಸಿಯೇ ಇರಲಿಲ್ಲ. ಹಿಂದಿನ ವಾರವೇ ಪಾರ್ವತಮ್ಮ, ಕುಕ್ಕರು ಕೂಗಿದರೂ ಎದ್ದು ಇಳಿಸಲಿಲ್ಲವೆಂದು ಜಗಳವಾಡಿದ್ದಳು. ಕುಕ್ಕರಿನ ವಿಷಲ್ಲೇ ಕೆಟ್ಟಿದೆ ಎಂದಿದ್ದ ಅವನು.

ಕೊನೆಗೆ ಸಿದ್ದಾರ್ಥ ಒಂದು ಉಪಾಯ ಮಾಡಿದ. ತಾನು ಸಣ್ಣ ಸೆಟ್ಟೊಂದನ್ನು ಹಿಡಿದು ಬೆಳ್ಳೂರು ಕ್ರಾಸಿಗೆ ಹೋಗಿ, ಹೋಟೆಲೊಂದರ ಹಿಂದೆ ತಂತಿ ಕಟ್ಟಿ ಕರೆ ಕಳಿಸುವುದು. ಇವರಿಬ್ಬರು ಕುಂತಿಬೆಟ್ಟದ ಮೇಲೆ ದೊಡ್ಡ ಸೆಟ್ಟಿಟ್ಟುಕೊಂಡು ಕೇಳುವುದು. ದೂರ, ಎತ್ತರ ಎಲ್ಲ ಗೊತ್ತಿರುವುದರಿಂದ ತಪ್ಪು ಎಲ್ಲಿದೆ ಎಂಬುದು ತಿಳಿಯುತ್ತದೆ ಎಂದ.

ಬಿಸಿಲೇರುವ ಮೊದಲೇ ಬೆಟ್ಟ ಹತ್ತಿದರು. ಬಂಡೆಯ ನೆರಳಲ್ಲಿ ಸೆಟ್ಟಿಟ್ಟು, ಸೋಮಯ್ಯ ಹೆಡ್‌ಫೋನು ಹಾಕಿಕೊಂಡು ಕೂತ. ಕರೆ ಬರಬೇಕಾದ ಹೊತ್ತು ಬಂತು. ಅವನು ಗುಂಡಿ ತಿರುಗಿಸಿದ, ಕಣ್ಣು ಮುಚ್ಚಿದ, ಮತ್ತೆ ತಿರುಗಿಸಿದ.

"ಏನೂ ಇಲ್ಲ. ಸತ್ತೋಗದೆ ಇದು. ನೀನೇ ನೋಡು ಬೇಕಾದ್ರೆ."

ಪಾಷಾ ಹೆಡ್‌ಫೋನು ಕಿವಿಗೇರಿಸಿದ. ಅವನ ಮುಖ ಬದಲಾಗಲಿಲ್ಲ. ಎದುರಿನ ಕೆರೆಯ ಕಡೆ ನೋಡುತ್ತ ಕೂತೇ ಇದ್ದ. ಆಮೇಲೆ ಸೋಮಯ್ಯನ ಕಡೆ ತಿರುಗಿ, "ಊಂ ಸೋಮಣ್ಣ, ಏನೂ ಬತ್ತಾ ಇಲ್ಲ. ನಂದೇ ತಪ್ಪು. ಇನ್ನೊಂದ್ಸಲ ಬಿಚ್ತೀನಿ" ಎಂದ.

ಆದರೆ ಅವನ ಬಲಗೈ ಮೊಣಕಾಲ ಮೇಲಿತ್ತು, ತೋರುಬೆರಳು ಅವನಿಗೆ ತಿಳಿಯದೆಯೇ ಆಡುತ್ತಿತ್ತು. ಒಮ್ಮೆ ಒತ್ತಿ ಹಿಡಿದು, ಮೂರು ಸಲ ಚುಟುಕಾಗಿ ಮುಟ್ಟಿ, ತಡೆದು, ಮತ್ತೆ ಒಂದು ಸಲ. ನಿಧಾನವಾಗಿ ಮೋರ್ಸ್ ಕಲಿತವರೆಲ್ಲ ಕೇಳುವಾಗ ಹೀಗೆ ಬೆರಳಾಡಿಸುತ್ತಾರೆ. ಸೋಮಯ್ಯ ಆ ಬೆರಳನ್ನು ಓದಿದ. ಬಿ. ಇ. ಎಲ್. ಮತ್ತೆ ಎಲ್. ಬೆಳ್ಳೂರಿನಿಂದ ಸಿದ್ದಾರ್ಥ ಕರೆಯುತ್ತಲೇ ಇದ್ದ.

ಸೋಮಯ್ಯ ಬಗ್ಗಿ ಪಾಷಾನ ಬೆರಳಿನ ಮೇಲೆ ತನ್ನ ಕೈಯಿಟ್ಟ. ಪಾಷಾ ಕೆಳಗೆ ನೋಡಿಕೊಂಡ, ಬೆರಳು ನಿಂತಿತು. ಆಮೇಲೆ ಸೋಮಯ್ಯ, "ಎಷ್ಟ್ ಜೋರಾಗಿ ಬತ್ತಾ ಅದೆ?" ಎಂದು ಕೇಳಿದ.

"ಪಕ್ಕದಲ್ಲೇ ಕುಂತು ಕುಟ್ದಂಗೆ" ಎಂದ ಪಾಷಾ. ಅವನ ಕಣ್ಣು ತುಂಬಿತ್ತು.

ಬೆಟ್ಟ ಇಳಿಯುವಾಗ ಸೋಮಯ್ಯನೇ ಸೆಟ್ಟು ಹೊತ್ತ, ಪಾಷಾನಿಗೆ ಮುಟ್ಟಲು ಬಿಡಲಿಲ್ಲ. ಕೆಳಗೆ ಬಂದ ಮೇಲೆ, "ಅಷ್ಟು ಜನರ ಮುಂದೆ ನಿನ್ನ ಅಂದ್ಬುಟ್ಟೆ" ಎಂದ. "ಬುಡು ಸೋಮಣ್ಣ" ಎಂದ ಪಾಷಾ.

ಮೈಸೂರಿನಲ್ಲಿ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ನರ ಸೋತಿದೆ, ಔಷಧಿಯಿಲ್ಲ ಎಂದರು. ಮೊದಲು ಸಣ್ಣ, ಕೀರಲು ದನಿ ಹೋಗುತ್ತದೆ, ದಪ್ಪ ದನಿ ಇನ್ನೂ ಕೆಲ ಕಾಲ ಇರಬಹುದು. ಕಚೇರಿಯ ಹಿತ್ತಾಳೆ ಯಂತ್ರದ ಕಟಕಟ ಇನ್ನೂ ಕೇಳುತ್ತಿದ್ದುದು ಅದಕ್ಕೇ. ಕಿವಿಗೆ ಮಿಷನ್ ಹಾಕಿಕೊಂಡರೆ ಮನೆಯವರ ಮಾತು ಒಂದಿಷ್ಟು ಕೇಳಿಸೀತು. ರೇಡಿಯೋ ವಿಷಯ ಕೇಳಿದ್ದಕ್ಕೆ ಡಾಕ್ಟರು ನಕ್ಕು, "ಟೀವಿ ನೋಡಿ" ಎಂದರು.

ದಪ್ಪ ದನಿ ಉಳಿದಿದೆ ಎಂಬ ಒಂದೇ ಮಾತನ್ನು ಸಿದ್ದಾರ್ಥ ಹಿಡಿದುಕೊಂಡ. ಅವನೂ ಪಾಷಾನೂ ಕೂತು ಸೆಟ್ಟಿನ ದನಿಯನ್ನು ಕಪ್ಪೆ ವಟಗುಟ್ಟುವಷ್ಟು ಕೆಳಗಿಳಿಸಿದರು. ಸೋಮಯ್ಯ ಹೆಡ್‌ಫೋನು ಹಾಕಿಕೊಂಡ, ಪೆನ್ಸಿಲು ತಾನಾಗಿ ಓಡಿತು. ಕೇಳಿಸುತ್ತಿತ್ತು! ಸುಮಾರು ಒಂದು ತಿಂಗಳು ಮೂವರೂ ಹೊಸ ಹುಮ್ಮಸ್ಸಿನಲ್ಲಿದ್ದರು. ಪಾರ್ವತಮ್ಮ ಹಾದಿಗೆಂದು ರಾಗಿ ಹುರಿಹಿಟ್ಟು ಬೀಸಿಸಿಟ್ಟಳು.

ಆದರೆ ನಡುಗಡ್ಡೆಯಲ್ಲಿ ಕರೆಯುವವರು ಒಬ್ಬರಲ್ಲ. ಹತ್ತಾರು ಜನ ಒಟ್ಟಿಗೆ ಕೂಗಿದರೆ ಹೇಗಿರುತ್ತದೆಂದು ಸಿದ್ದಾರ್ಥ ಟೇಪಿನಲ್ಲಿ ಹಿಡಿದು ತಂದು ಹಾಕಿದ. ಸೋಮಯ್ಯನಿಗೆ ಅದು ಗಾಣದ ಮನೆಯ ಗದ್ದಲದಂತೆ ಕೇಳಿಸಿತು. ಒಂದು ದನಿಯನ್ನು ಇನ್ನೊಂದರಿಂದ ಬಿಡಿಸಲಾಗಲಿಲ್ಲ. ಯಾವ ಕೆಲಸಕ್ಕೆ ಅವನನ್ನು ಆರಿಸಿದ್ದರೋ ಅದೇ ಆಗಲಿಲ್ಲ. ಅವನು ಪೆನ್ಸಿಲು ಕೆಳಗಿಟ್ಟು, ಟೇಪು ಮುಗಿಯುವವರೆಗೂ ಮರ್ಯಾದೆಗೆ ಎಂಬಂತೆ ಕೇಳುತ್ತ ಕೂತ.

ಅನುಮತಿ ಬಂದದ್ದು ಆಗ. ಮುಂದಿನ ಫೆಬ್ರವರಿಯಲ್ಲಿ ಹೋಗಿಬರಬೇಕು, ಮೂವರ ಪೈಕಿ ದೊಡ್ಡ ದರ್ಜೆಯ ಲೈಸೆನ್ಸಿದ್ದವನು ಸೋಮಯ್ಯನೊಬ್ಬನೇ ಆದ್ದರಿಂದ ಎಲ್ಲವೂ ಅವನ ಹೆಸರಿನಲ್ಲಿ. ಅವನು ಪಾಷಾನಿಗೆ ವೇಗದ ಮೋರ್ಸ್ ಕಲಿಸಲು ನೋಡಿದ. ಅಂಗಡಿಯ ಬಾಗಿಲೆಳೆದುಕೊಂಡು ಮಧ್ಯಾಹ್ನಗಳನ್ನೆಲ್ಲ ಇಬ್ಬರೂ ಅದಕ್ಕೇ ಸುರಿದರು. ಪಾಷಾನಿಗೂ ಐವತ್ತಾಗಿತ್ತು. ಒಂದು ಹಂತದಾಚೆಗೆ ವೇಗ ಏರಲಿಲ್ಲ. ತಪ್ಪಿದಾಗಲೆಲ್ಲ ಅವನು ಹಣೆ ಚಚ್ಚಿಕೊಳ್ಳುವುದನ್ನು ನೋಡಲಾರದೆ ಸೋಮಯ್ಯ ಕಲಿಸುವುದನ್ನು ನಿಲ್ಲಿಸಿದ.

ಜನವರಿಯಲ್ಲಿ ಅವನೇ ಬಸ್ಸು ಹಿಡಿದು ಕೆ.ಆರ್. ಪೇಟೆಗೆ ಹೋಗಿ, ಕಾಲೇಜಿನ ಆಲದ ಮರದಡಿ ಸಿದ್ದಾರ್ಥನನ್ನು ಕಂಡ.

"ನಾನ್ ಬರಾಕಿಲ್ಲ ಮೇಷ್ಟ್ರೆ."

"ಬಂದು ಸುಮ್ನೆ ಕೂತ್ಕೊಳ್ಳಿ ಸೋಮಣ್ಣೋರೆ. ಬರೋದೊಂದಿಷ್ಟು ನಾವು ಹಿಡೀತೀವಿ. ಹೆಸರಿಗಾದ್ರೂ ಹೋಗಿ ಬರೋಣ." ಸಿದ್ದಾರ್ಥ ಅವನಿಗೆ ಕೇಳಿಸಲೆಂದು ಜೋರಾಗಿ ಹೇಳಿದ. ಹುಡುಗರು ತಿರುಗಿ ನೋಡಿದರು.

"ಅಷ್ಟೊಂದು ಜನ ಸಮುದ್ರದಾಚೆಯಿಂದ ನನ್ನ ಹೆಸ್ರು ಹಿಡಿದು ಕರೀತಿರ್ತಾರೆ. ನಾನು ಅಲ್ಲೇ ಕುಂತಿರ್ತೀನಿ, ಕೇಳಾಕಿಲ್ಲ. ಅದ ನನ್ ಕೈಲಿ ತಡ್ಕೊಳಾಕೆ ಆಗಾಕಿಲ್ಲ."

ಹೆಸರು ಬದಲಿಸಲು ಕೇಳಿದ್ದಕ್ಕೆ, ಮೊದಲಿನಿಂದ ಅರ್ಜಿ ಹಾಕಿ ಎಂಬ ಉತ್ತರ ಬಂತು. ಫೆಬ್ರವರಿ ಬಂದು ಹೋಯಿತು. ಆ ವರ್ಷವೇ ಸಿದ್ದಾರ್ಥನಿಗೆ ಬೀದರಿನ ಕಡೆಗೆ ವರ್ಗವಾಯಿತು. ಆಂಟೆನಾದ ತಾಮ್ರದ ತಂತಿಯನ್ನು ಪಾಷಾ ಒಂದೊಂದಾಗಿ ರೈತರ ಮೋಟರುಗಳಿಗೆ ಸುತ್ತಿಬಿಟ್ಟ. ತಂತಿ ಕಚೇರಿಯಲ್ಲಿ ಮೋರ್ಸ್ ಮೇಜನ್ನು ಎತ್ತಿ, ಸೋಮಯ್ಯನನ್ನು ಸ್ಟಾಂಪು ಮಾರುವ ಕಿಟಕಿಗೆ ಕೂರಿಸಿದರು. ಜನ ಕೇಳಿದ್ದನ್ನು ಎರಡೆರಡು ಸಲ ಕೇಳಿಸಿಕೊಳ್ಳಬೇಕಾಗಿ, ಕೊನೆಗೆ ಅವನು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡ.

ತೊಂಬತ್ತೊಂಬತ್ತರಲ್ಲಿ ಒಂದು ಬೆಳಿಗ್ಗೆ ಪಾಷಾ ಶ್ರೀರಂಗಪಟ್ಟಣಕ್ಕೆ ಬಂದ. ಸೋಮಯ್ಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಪಾಷಾ ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದ. ಬಹಳ ಹೊತ್ತಾದ ಮೇಲೆ ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ: "ನಡುಗಡ್ಡೆಗೆ ಯಾರೋ ಓಗವ್ರೆ ಸೋಮಣ್ಣ. ಯಾವ್ದೋ ದೊಡ್ಡ ತಂಡ. ನಿನ್ನೆ ಅಂಗಡೀಲಿ ಸೆಟ್ನಲ್ಲಿ ಕೇಳ್ದೆ."

ಸೋಮಯ್ಯನ ಕೈ ನಿಂತಿತು. "ಎಂಗ್ ಬತ್ತಾ ಇತ್ತು?"

"ಚೆನ್ನಾಗಿ. ಜನ ಮುಗಿಬಿದ್ದವ್ರೆ."

"ಅವ್ನ ಕೈ ಎಂಗದೆ, ಕೀಲಿ ಒತ್ತೋನ್ದು?"

"ಬಿರುಸು. ನಿನ್ನಂಗಿಲ್ಲ."

"ನೀನ್ ಕರದ್ಯಾ ಅವ್ರನ್ನ?"

ಪಾಷಾ ಇಲ್ಲವೆಂದು ತಲೆಯಾಡಿಸಿದ. "ಮನಸಾಗ್ನಿಲ್ಲ. ಆರಿಸ್ಬುಟ್ಟೆ."

ಸೋಮಯ್ಯ ಇನ್ನೊಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದ.

"ಕರೀಬೇಕಾಗಿತ್ತು ಕಣ್ಲಾ" ಎಂದ. "ಅಷ್ಟು ದೂರ ಓಗವ್ರೆ."