ಕೊನೆಯಲ್ಲಿ ‘ಇನ್’ ಇತ್ತು

ಪಿಯುಸಿ ರಿಸಲ್ಟ್ ಬಂದ ದಿನ ಅಪ್ಪ ಅಂಗಡಿ ತೆರೆಯಲಿಲ್ಲ. ಯಲಿಯೂರಿನಲ್ಲಿ ಅವನದು ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ. ಮಗಳು ಸೈನ್ಸು, ಫಸ್ಟ್ ಕ್ಲಾಸ್ ಗ್ಯಾರಂಟಿ ಎಂದು ಮೋಟರು ತಂದವರಿಗೆಲ್ಲ ಹೇಳಿಬಿಟ್ಟಿದ್ದ. ನನ್ನ ಕೈಗೆ ಫೋನು ಕೊಡಲಿಲ್ಲ. ರಿಜಿಸ್ಟರ್ ನಂಬರು ಕೇಳಿಕೊಂಡು ತಾನೇ ಜಗಲಿ ಮೇಲೆ ಕೂತು ಒತ್ತತೊಡಗಿದ.

“ಡಾಟ್ ಕಾಮ್ ಅಂತ ಇರೋ ವೆಬ್‌ಸೈಟ್ ನೋಡ್ಬಾರ್ದು ಕಣೆ, ಅವೆಲ್ಲಾ ಡೂಪ್ಲಿಕೇಟು. ಕೊನೇಲಿ ಇನ್ ಅಂತ ಇರ್ಬೇಕು. ಇನ್ ಅಂದ್ರೆ ಇಂಡಿಯಾ” ಅಂದ. ಟೀ ಅಂಗಡಿಯಲ್ಲಿ ಯಾರೋ ಹೇಳಿಕೊಟ್ಟಿದ್ದರು.

ಇಲಾಖೆಯ ಹೆಸರಿದ್ದ ಪುಟವೊಂದು ತೆರೆದುಕೊಂಡಿತು. ಕೊನೆಯಲ್ಲಿ ‘ಇನ್’ ಇತ್ತು. ನನ್ನ ನಂಬರಿನ ಕೆಳಗೆ ಕೆಂಪಕ್ಷರದಲ್ಲಿ ಫೇಲ್ ಅಂತ ಬಂತು. ಅಪ್ಪ ಮತ್ತೆ ಒತ್ತಿದ. ಮತ್ತೆ ಅದೇ.

“ಕೊಡಪ್ಪ, ನಾನೊಂದ್ಸಲ ನೋಡ್ತೀನಿ” ಅಂದೆ.

ಕೆನ್ನೆಗೆ ಬಿದ್ದ ಏಟಿಗೆ ಕಿವಿ ಗುಂಯ್ ಎಂದಿತು. “ಊರ್ ಮುಂದೆ ನನ್ ಮಾನ ಕಳುದ್ಬುಟ್ಯಲ್ಲೇ!” ಎನ್ನುತ್ತಾ ಗೋಡೆಯ ಮೊಳೆಗೆ ಹಾಕಿದ್ದ ಮೋಟರಿನ ಬೆಲ್ಟು ಎಳೆದುಕೊಂಡ. ದಪ್ಪ ರಬ್ಬರಿನದು. ಬೆನ್ನಿಗೆ ಬಿತ್ತು, ತೊಡೆಗೆ ಬಿತ್ತು, ತಪ್ಪಿಸಿಕೊಳ್ಳಲು ತಿರುಗಿದಾಗ ಬಾಯಿಗೂ ಬಿತ್ತು. ತುಟಿ ಸೀಳಿ ಲಂಗದ ಮೇಲೆ ರಕ್ತ ಸುರಿಯಿತು. ಮೆಟ್ಟಿಲ ಮೇಲೆ ಎಡಗೈ ಊರಿ ಬಿದ್ದೆ. ಆ ಕೈಯನ್ನೇ ಅವನು ತುಳಿದ. ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು.

ಬೀದಿಯಲ್ಲಿ ಜನ ಸೇರಿದ್ದರು. “ಸಾಕ್ ಬುಡಪ್ಪ, ಎಣ್ ಮಗ” ಎಂದು ಅಜ್ಜಿಯೊಬ್ಬಳು ಕೂಗಿದಳು. ಯಾರೂ ಹತ್ತಿರ ಬರಲಿಲ್ಲ.

ಹಿತ್ತಿಲಲ್ಲಿ ಸೌದೆ ಸೀಳುತ್ತಿದ್ದ ಅವ್ವ ಓಡಿ ಬಂದಳು. ಕೈಯಲ್ಲಿದ್ದ ಸೌದೆಯ ಸೀಳಿನಿಂದಲೇ ಅಪ್ಪನ ಭುಜಕ್ಕೆ ಬಾರಿಸಿದಳು. ಅವನು ತಿರುಗುವಷ್ಟರಲ್ಲಿ ಬೆಲ್ಟು ಹಿಡಿದ ಮುಂಗೈಗೆ ಇನ್ನೊಂದು. “ಬುಡ್ತೀಯೋ, ತಲೆ ಒಡಿಲೋ!” ಅದುವರೆಗೂ ಅವ್ವ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ. ಬೆಲ್ಟು ಕೆಳಗೆ ಬಿತ್ತು. ಅವನು ಕೈ ಹಿಡಿದುಕೊಂಡು ಗೋಡೆಗೆ ಒರಗಿದ. ಅವ್ವ ಸೌದೆ ಕೆಳಗಿಡದೆಯೇ ನನ್ನನ್ನು ಎಬ್ಬಿಸಿ ಆಟೋ ಹತ್ತಿಸಿದಳು.

ಮಂಡ್ಯದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ತುಟಿಗೆ ಹೊಲಿಗೆ ಹಾಕಿ, ಕೈಗೆ ಪಟ್ಟಿ ಕಟ್ಟುತ್ತಾ ಏನಾಯ್ತು ಅಂತ ಕೇಳಿದರು. ಬಿದ್ದೆ ಅನ್ನಲು ಹೊರಟೆ. ಅವ್ವ ಬಿಡಲಿಲ್ಲ. “ಅವ್ರಪ್ಪನೇ ಒಡ್ದಿರದು. ಪೇಲಾಗವಳೆ ಅಂತ.”

ಡಾಕ್ಟರಮ್ಮ ನಂಬರು ಕೇಳಿ ತಮ್ಮ ಫೋನಿನಲ್ಲಿ ನೋಡಿದರು. “ನೀನು ಪಾಸಾಗಿದೀಯಲ್ಲಮ್ಮಾ. ಫಸ್ಟ್ ಕ್ಲಾಸ್” ಅಂದರು. ನನಗೆ ಖುಷಿಯಾಗಲಿಲ್ಲ. ತೊಡೆಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಅಪ್ಪ ಬಂದ. ಫೋನು ಮುಂದೆ ಹಿಡಿದು, “ನೋಡಿ ಮೇಡಮ್, ಇನ್ ಅಂತ ಐತೆ, ನಾನೇನ್ ಸುಳ್ಳೇಳ್ತೀನಾ?” ಎಂದು ಗದರಿದ. ಅವರು ಅದೇ ಪುಟದಲ್ಲಿ ತೋಚಿದ ನಂಬರೊಂದನ್ನು ಒತ್ತಿದರು. ಅದಕ್ಕೂ ಕೆಂಪಕ್ಷರದಲ್ಲಿ ಫೇಲ್ ಬಂತು.

“ಬರೀ ಡಾಟ್ ಇನ್ ಯಾರು ಬೇಕಾದ್ರೂ ತಗೋಬಹುದು. ಸರ್ಕಾರದ್ದಾದ್ರೆ ಇನ್‌ಗೆ ಮುಂಚೆ ಜಿ ಓ ವಿ ಅಂತಾನೋ, ಎನ್ ಐ ಸಿ ಅಂತಾನೋ ಇರುತ್ತೆ. ಅದು ಹೊರಗಿನವರಿಗೆ ಸಿಗಲ್ಲ. ಇದು ಯಾವನೋ ಜಾಹೀರಾತಿಗೆ ಮಾಡ್ಕೊಂಡಿರೋ ಪುಟ.”

ಅಪ್ಪ ಪುಟವನ್ನೂ ನನ್ನ ಕೈಯನ್ನೂ ನೋಡಿದ. ಫೋನನ್ನು ನೆಲಕ್ಕೆ ಅಪ್ಪಳಿಸಿದ. ಗಾಜು ವಾರ್ಡಿನ ಉದ್ದಕ್ಕೂ ಸಿಡಿಯಿತು. “ಇದ್ ಮಾಡಿರೋ ಬೋಳಿಮಗ ಸಿಕ್ರೆ ಕೈ ಕಾಲ್ ಮುರೀತೀನಿ” ಎಂದು ಕೂಗಾಡಿದ. ಆಮೇಲೆ ಅವ್ವನ ಕಡೆ ತಿರುಗಿ, “ಗೊತ್ತಾಗ್ನಿಲ್ಲ ಕಣೆ. ಪಾಸಾಗವ್ಳಲ್ಲ, ನಡೀರಿ ಮನೆಗೆ” ಅಂದ.

“ಪೇಲಾಗಿದ್ರೆ?” ಅಂದಳು ಅವ್ವ. “ದಿಟವಾಗ್ಲೂ ಪೇಲಾಗಿದ್ರೆ, ಈ ಕೈ ಮುರಿದಿದ್ದು ಸರಿಯಾಗ್ತಿತ್ತಾ?”

ಅಪ್ಪ ಬಗ್ಗಿ ಒಡೆದ ಫೋನಿನ ಚೂರು ಆಯತೊಡಗಿದ.

ಆಸ್ಪತ್ರೆಯಿಂದ ನಾವು ಪೂರಿಗಾಲಿಗೆ, ಸೋದರಮಾವನ ಮನೆಗೆ ಹೋದೆವು. ಡಾಕ್ಟರಮ್ಮ ತಿಳಿಸಿದ್ದರಿಂದ ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಅಪ್ಪನನ್ನು ಸ್ಟೇಷನ್ನಿಗೆ ಕರೆಸಿ, ಇನ್ನೊಮ್ಮೆ ಮುಟ್ಟಿದರೆ ಒಳಗೆ ಹಾಕುತ್ತೇವೆ ಎಂದು ಹೇಳಿ ಕಳಿಸಿದರಂತೆ. ಅವ್ವ ಯಲಿಯೂರಿಗೆ ವಾಪಸು ಹೋಗಲಿಲ್ಲ. ಮಳವಳ್ಳಿಯ ಗಾರ್ಮೆಂಟ್ಸಿಗೆ ಸೇರಿದಳು. ನಾನು ಅಲ್ಲೇ ಬಿಎಸ್‌ಸಿ ಮಾಡಿದೆ. ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ.

ಕಳೆದ ವರ್ಷ ಮದ್ದೂರಿನ ಛತ್ರದಲ್ಲಿ ನೆಂಟರ ಮದುವೆ. ಊಟದ ಸಾಲಿನಲ್ಲಿ ಎದುರಿಗೇ ಅಪ್ಪ ಕೂತಿದ್ದ. ಪಕ್ಕದವರಿಗೆ ಆ ಕತೆ ಹೇಳುತ್ತಿದ್ದ, ನಗುತ್ತಾ. “ಎಲ್ಲಾ ಆ ವೆಬ್‌ಸೈಟ್‌ನೋನ್ ಮಾಡಿದ್ ಎಡವಟ್ಟು ಕಣ್ಲಾ. ಪಾಸಾದ್ ಮಗೀಗೆ ಸುಮ್ಕೆ ಒದೆ ಬಿತ್ತು.” ಅವರೂ ನಕ್ಕರು.

ನಾನು ಎದ್ದು ನಿಂತೆ. “ಅಪ್ಪಾ, ವೆಬ್‌ಸೈಟ್‌ಗೆ ಕಾಲಿರ್ಲಿಲ್ಲ. ತುಳಿದಿದ್ದು ನೀನು” ಅಂದೆ.

ಸಾಂಬಾರು ಬಡಿಸುತ್ತಿದ್ದವನು ಸೌಟು ಹಿಡಿದೇ ನಿಂತ. ಅಪ್ಪ ತಲೆ ತಗ್ಗಿಸಿ ಅನ್ನ ಕಲಸತೊಡಗಿದ. ಪಕ್ಕದಲ್ಲಿದ್ದ ಅವ್ವ ನನ್ನ ಸೆರಗು ಹಿಡಿದು ಕೂರಿಸಿ, “ಉಣ್ಣು, ಹಪ್ಪಳ ಮೆತ್ತಗಾಯ್ತದೆ” ಅಂದಳು.