ಬೂಟು ಬಿಚ್ಚಿ ನೋಡಿದ ಮನೆ

ಸಂಡೂರಿನಿಂದ ಚೀನಾಕ್ಕೆ ಗಣಿಯಂತ್ರದ ತರಬೇತಿಗೆ ಬಂದಿರುವ ನಮಗೆ ಇಂದು ರಜೆ. ಇಲ್ಲಿನ ಕ್ರಾಂತಿಕಾಲದ ನಾಯಕರೊಬ್ಬರು ಬಾಳಿದ ಮನೆ ನೋಡಲು ಹೋದೆವು. ಕೊರೆಯುವ ಚಳಿ. ಆದರೂ ನನ್ನ ಜೊತೆಗಾರ, ಯಶವಂತನಗರದ ಮೆಕ್ಯಾನಿಕ್ ಬಸಪ್ಪ, ಬಾಗಿಲಲ್ಲೇ ಬೂಟು ಬಿಚ್ಚಿ ಕಲ್ಲುನೆಲಕ್ಕೆ ಬರಿಗಾಲಿಟ್ಟ. ಕಾವಲಿನ ಹೆಂಗಸು ಗಾಬರಿಯಾಗಿ, ಹಾಕಿಕೊಳ್ಳುವಂತೆ ಸನ್ನೆ ಮಾಡಿದರು.

"ಬ್ಯಾಡ್ರಿ ಅವ್ವಾರ, ದೊಡ್ಡೋರು ಬಾಳಿದ ಮನಿ. ಬೂಟಿನ ಕಾಲಾಗ ಹೆಂಗ ಬರ್ಲಿ?" ಎಂದ ಬಸಪ್ಪ.

ಅದನ್ನು ನನ್ನ ಮೊಬೈಲು ಅವರ ಭಾಷೆಯಲ್ಲಿ ಹೇಳಿತು. ಕೇಳಿದವರೇ ಒಳಗೆ ಹೋಗಿ ತಮ್ಮ ಉಣ್ಣೆಯ ಕಾಲುಚೀಲ ತಂದುಕೊಟ್ಟರು.

"ಭಾಳ ಉಪಕಾರ ಆತ್ರಿ" ಎಂದು ಬಸಪ್ಪ ಕೈಮುಗಿದ.

ಆಮೇಲೆ ಅವರು ತಮ್ಮ ಬೂಟನ್ನೂ ಬಿಚ್ಚಿಟ್ಟು, ಮುಂದೆ ನಡೆಯುತ್ತಾ ನಮಗೆ ಒಂದೊಂದೇ ಕೋಣೆ ತೋರಿಸಿದರು.